ಡಬ್ಬಿ ಇದ್ದಷ್ಟು ಸಕ್ಕರೆ

2019ರ ಮೇ 31, ಶುಕ್ರವಾರ ಬೆಳಗ್ಗೆ. ಜರ್ಮನಿಯ ಎರ್ಲಾಂಗನ್‌ನಲ್ಲಿ ನಾವಿರುವ ಕಟ್ಟಡದ ಕಸದ ಡಬ್ಬಗಳ ಪಕ್ಕ ಎರಡು ಪುಟ್ಟ ಪೀಪಾಯಿಗಳು ಕೂತಿದ್ದವು. ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ ಎತ್ತರ, ತಗಡಿನ ಮೈ, ತಲೆಯ ಮೇಲೊಂದು ರಬ್ಬರ್ ಬಿರಡೆ, ಕೆಳಗೆ ಕೆಂಪು ಪ್ಲಾಸ್ಟಿಕ್ ನಲ್ಲಿ. ಹಿಂದಿನ ದಿನ ಇಲ್ಲಿ ಅಪ್ಪಂದಿರ ದಿನ. ಅವತ್ತು ಗಂಡಸರು ಗುಂಪು ಕಟ್ಟಿಕೊಂಡು, ಮಕ್ಕಳನ್ನು ಕೂರಿಸಿ ಎಳೆಯುವಂಥ ಮರದ ಕೈಗಾಡಿಯಲ್ಲಿ ಬಿಯರ್ ಹೇರಿಕೊಂಡು ಹೊಲ, ಕಾಡು ಸುತ್ತಲು ಹೊರಡುತ್ತಾರೆ. ಎಷ್ಟೋ ಕಡೆ ಮಕ್ಕಳು ಮನೆಯಲ್ಲೇ ಇರುತ್ತಾರೆ! ಆ ಗಾಡಿಯಲ್ಲಿ ರಾಜನ ಹಾಗೆ ಕೂತಿರುವುದು ಈ 5 ಲೀಟರಿನ ಮಿನಿ ಕೆಗ್.

ಆಚೀಚೆ ನೋಡಿ ಎರಡನ್ನೂ ಎತ್ತಿಕೊಂಡೆ. ಕೆಳಮನೆಯ ಅಜ್ಜ ಕಿಟಕಿಯಲ್ಲೇ ನಿಂತಿದ್ದರು. "ಅದಕ್ಕೆ ದುಡ್ಡು ವಾಪಸ್ ಬರಲ್ಲ" ಅಂದರು. ನನಗೆ ಮುಖ ಎಲ್ಲಿಡುವುದು ಗೊತ್ತಾಗಲಿಲ್ಲ. ಇಲ್ಲಿ ಬಿಯರ್ ಬಾಟಲಿಗೆ 8 ಸೆಂಟ್, ತಂತಿ ಕ್ಲಿಪ್ಪಿನ ಬಾಟಲಿಗೆ 15 ಸೆಂಟ್, ಕ್ಯಾನಿಗೆ 25 ಸೆಂಟ್ ಠೇವಣಿ ಇರುತ್ತದೆ. ಅಂಗಡಿಗೆ ವಾಪಸ್ ಕೊಟ್ಟರೆ ಆ ದುಡ್ಡು ಕೈಗೆ ಬರುತ್ತದೆ. ಅದಕ್ಕೇ ಖಾಲಿ ಬಾಟಲಿ ಆಯುತ್ತಾ ಓಡಾಡುವವರೂ ಇದ್ದಾರೆ. ಆದರೆ ಒಮ್ಮೆ ಬಳಸಿ ಎಸೆಯುವ ಡಬ್ಬದ ಠೇವಣಿ 3 ಲೀಟರಿಗೆ ಮುಗಿಯುತ್ತದೆ. 5 ಲೀಟರಿನ ಕೆಗ್ ಆ ಲೆಕ್ಕಕ್ಕೇ ಬರುವುದಿಲ್ಲ. ಅದಕ್ಕೇ ಜನ ಅದನ್ನು ಸೀದಾ ಕಸಕ್ಕೆ ಹಾಕುತ್ತಾರೆ, ಅದಕ್ಕೇ ಅವು ನನಗೆ ಸಿಕ್ಕಿದವು. "ದುಡ್ಡಿಗಲ್ಲ, ಬಿಯರ್ ತುಂಬೋಕೆ" ಅಂದೆ. ಅಜ್ಜ ಒಂದು ಕ್ಷಣ ನನ್ನನ್ನೇ ನೋಡಿದರು, ಕಿಟಕಿ ಹಾಕಿಕೊಂಡರು.

ಅಷ್ಟು ಹೊತ್ತಿಗೆ ನಾನು ಮನೆಯಲ್ಲಿ ಬಿಯರ್ ಮಾಡಲು ಶುರುಮಾಡಿ ಒಂದು ವರ್ಷವಾಗಿತ್ತು. ಇಲ್ಲಿನವರು ಹಣ್ಣು, ತರಕಾರಿಯನ್ನು ಗಾಜಿನ ಜಾಡಿಗೆ ತುಂಬಿ ಕುದಿಸಿಡಲು ಕರೆಂಟಿನ ದೊಡ್ಡ ಹಂಡೆ ಇಟ್ಟುಕೊಂಡಿರುತ್ತಾರೆ. ಅಂಥದ್ದೊಂದು ಹಳೇ ಹಂಡೆ, ಒಂದು ಥರ್ಮಾಮೀಟರ್, ಒಂದು ಹಳೇ ಪಂಚೆ. ನನ್ನ ಕಾರ್ಖಾನೆ ಇಷ್ಟೇ. ಬಾಂಬೆರ್ಗ್ ಕಡೆಯ ಮಾಲ್ಟನ್ನು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ಒಡೆದು, 67 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿ, ಪಂಚೆಯಲ್ಲಿ ಸೋಸಿ, ಕಹಿಗೆ ಹಾಪ್ಸ್ ಅನ್ನುವ ಹೂ ಹಾಕಿ ಇನ್ನೊಂದು ಗಂಟೆ ಕುದಿಸಿ, ಆರಿಸಿ, ಯೀಸ್ಟ್ ಹಾಕಿ ಮುಚ್ಚಿಡುವುದು. ಇದೆಲ್ಲ ಖುಷಿಯ ಕೆಲಸ. ಮನೆ ತುಂಬಾ ಬಿಸಿ ಹಾರ್ಲಿಕ್ಸ್ ವಾಸನೆ. ಹತ್ತು ದಿನ ಬಿಟ್ಟು ತುಂಬುವ ಹೊತ್ತಿಗೆ ಖುಷಿ ಇಳಿಯುತ್ತದೆ. 20 ಲೀಟರ್ ಅಂದರೆ ಅರ್ಧ ಲೀಟರಿನ 40 ಬಾಟಲಿ. ನಲವತ್ತನ್ನೂ ಬ್ರಷ್ ಹಾಕಿ ತೊಳೆಯಬೇಕು, ಬೆಳಕಿಗೆ ಹಿಡಿದು ನೋಡಬೇಕು, ತುಂಬಬೇಕು, ಮುಚ್ಚಬೇಕು. ಮಾಡಿದ್ದು ಒಂದು ದಿನ, ಬಾಟಲಿ ತೊಳೆದದ್ದೂ ಒಂದು ದಿನ. ಅದೇ ಕೆಗ್ ಆದರೆ ನಾಲ್ಕೇ ನಾಲ್ಕು.

ನಡುವೆ ಒಂದು ಮಾತು. ಇಲ್ಲಿ ಮನೆಯಲ್ಲಿ ಬಿಯರ್ ಮಾಡುವುದು ಕಾನೂನು ಒಪ್ಪಿದ ಕೆಲಸ. ಮೊದಲ ಸಲ ಮಾಡುವ ಮುಂಚೆ ಕಸ್ಟಮ್ಸ್ ಕಚೇರಿಗೆ ತಿಳಿಸಬೇಕು. ನಾನು ಶುರುಮಾಡಿದಾಗ ವರ್ಷಕ್ಕೆ 200 ಲೀಟರ್‌ವರೆಗೆ ತೆರಿಗೆ ಇರಲಿಲ್ಲ. ಮಾರುವ ಹಾಗಿಲ್ಲ, ಅಷ್ಟೇ. ತುಮಕೂರಿನಲ್ಲಿರುವ ಚಿಕ್ಕಪ್ಪನ ಮಗ ಫೋಟೋ ನೋಡಿ, "ಅಣ್ಣಾ, ನಾನೂ ತೋಟದ ಮನೇಲಿ ಒಂದು ಹಂಡೆ ಇಡ್ಲಾ?" ಅಂದಿದ್ದ. ಬೇಡಪ್ಪಾ ಅಂದೆ. ನಮ್ಮಲ್ಲಿ 1965ರ ಅಬಕಾರಿ ಕಾಯ್ದೆ ಇದೆ, ಪರವಾನಗಿ ಇಲ್ಲದೆ ಮಾಡಿದರೆ ಅಪರಾಧ. ಅವನು ಈಗ ಚಹಾ ಹುದುಗಿಸಿ ಕೊಂಬುಚಾ ಮಾಡಿಕೊಂಡು ಆರಾಮಾಗಿದ್ದಾನೆ.

ಕೆಗ್ ಸಿಗುವ ಮುಂಚೆ ನಾನು ಏನೇನಕ್ಕೆಲ್ಲ ಬಿಯರ್ ತುಂಬಿದ್ದೆ ಅನ್ನುವುದನ್ನೂ ಹೇಳಿಬಿಡುತ್ತೇನೆ. ಖಾಲಿ ಡಬ್ಬ ಎಸೆಯದ ಮನೆಯಲ್ಲಿ ಬೆಳೆದವನು ನಾನು. 15 ಲೀಟರಿನ ಎಣ್ಣೆ ಟಿನ್ನಿಗೆ ಮರದ ಹಿಡಿ ಬಡಿದು ಅಪ್ಪ ತೊಟ್ಟಿಯಿಂದ ನೀರು ಎತ್ತುತ್ತಿದ್ದರು. ಹಾಗಾಗಿ ನನ್ನ ಮೊದಲ ಹುದುಗಿನ ಪಾತ್ರೆ ಒಂದು ಕ್ಯಾಂಟೀನಿನವರು ಕೊಟ್ಟ 10 ಲೀಟರಿನ ಉಪ್ಪಿನಕಾಯಿ ಬಕೆಟ್. ಆಹಾರಕ್ಕೆ ಬಳಸುವ ಒಳ್ಳೇ ಪ್ಲಾಸ್ಟಿಕ್, ಗಟ್ಟಿ ಮುಚ್ಚಳ. ಅದರ ಚೀಟಿಯ ಮೇಲೆ 'ಮೂಲ: ಭಾರತ' ಅಂತ ಇತ್ತು. ನೋಡಿ ಎದೆ ಉಬ್ಬಿತು. ನಮ್ಮ ಕಡೆ ರೈತರು ಕಂಪನಿಗಳಿಗೆ ಬೆಳೆದುಕೊಡುವ ಮಿಡಿಸೌತೆಯೇ ಇರಬೇಕು, ಉಪ್ಪುನೀರಿನಲ್ಲಿ ಮುಳುಗಿ ಇಲ್ಲಿಯವರೆಗೂ ಬಂದಿದೆ ಅಂದುಕೊಂಡೆ. ಮೂರು ಸಲ ತೊಳೆದೆ, ಬಿಸಿಲಿಗಿಟ್ಟೆ, ಸೋಡಾ ಹಾಕಿ ನೆನೆಸಿದೆ. ಪ್ಲಾಸ್ಟಿಕ್ ವಾಸನೆಯನ್ನು ಮರೆಯುವುದಿಲ್ಲ. ಆ ಬಿಯರ್ ಕುಡಿದವರೆಲ್ಲ ಬೆಳ್ಳುಳ್ಳಿ ಎಲ್ಲಿಂದ ಬಂತು ಅಂತ ಕೇಳಿದರು. ಊರಿನ ಅಭಿಮಾನ ಅಲ್ಲಿಗೆ ಮುಗಿಯಿತು.

ಆಮೇಲೆ ಚೌಕಾಕಾರದ ಅಲಂಕಾರದ ಬಾಟಲಿ. ಕ್ಲಿಪ್ ಇತ್ತು, ರಬ್ಬರ್ ಉಂಗುರ ಇತ್ತು, ಸಾಕಲ್ವಾ ಅಂದುಕೊಂಡೆ. ಸಾಲದು. ದುಂಡಗಿನ ಗಾಜಿನಲ್ಲಿ ಒತ್ತಡ ಎಲ್ಲ ಕಡೆ ಸಮನಾಗಿ ಹಂಚಿಹೋಗುತ್ತದೆ. ಚೌಕದಲ್ಲಿ ಮೂಲೆಗೆ ಹೋಗಿ ಕೂರುತ್ತದೆ. ಒಂದು ರಾತ್ರಿ ನೆಲಮಾಳಿಗೆಯಲ್ಲಿ ಢಬ್ ಅಂತು. ಬೆಳಗ್ಗೆ ಹೋಗಿ ನೋಡಿದರೆ ಒಂದು ಚೂರು ಎದುರಿನ ಮರದ ಕಪಾಟಿಗೆ ನೆಟ್ಟಿತ್ತು. ಆ ಜಾಗದಲ್ಲಿ ಯಾರಾದರೂ ನಿಂತಿದ್ದರೆ? ಅವತ್ತೇ ಉಳಿದ ಚೌಕ ಬಾಟಲಿಗಳನ್ನು ಚಳಿಗೆ ಆಚೆ ಇಟ್ಟು, ದಪ್ಪ ಟವೆಲ್ ಸುತ್ತಿ, ಒಂದೊಂದಾಗಿ ತೆಗೆದು ಚೆಲ್ಲಿದೆ. ಈಗ ಅವುಗಳಲ್ಲಿ ಎಳ್ಳೆಣ್ಣೆ ಇದೆ.

ಸೋಡಾ, ಕೋಲಾ ಬರುವ ಪ್ಲಾಸ್ಟಿಕ್ ಬಾಟಲಿ ಮಾತ್ರ ನಂಬಿಗಸ್ತ. ಒತ್ತಡ ತಡೆಯಲೆಂದೇ ಮಾಡಿದ್ದು, ಒಡೆದರೂ ಚೂರು ಹಾರುವುದಿಲ್ಲ. ಗಾಳಿ ಸ್ವಲ್ಪ ಸ್ವಲ್ಪವೇ ಒಳಗೆ ಹೋಗುತ್ತದೆ, ಹಾಗಾಗಿ ತಿಂಗಳುಗಟ್ಟಲೆ ಇಡಲಾಗುವುದಿಲ್ಲ. ಆದರೆ ಅದರಿಂದ ಬೇರೊಂದು ದೊಡ್ಡ ಉಪಯೋಗ ಇದೆ, ಮುಂದೆ ಹೇಳುತ್ತೇನೆ.

ಕೆಗ್ ಎತ್ತಿಕೊಂಡು ಬಂದ ದಿನ ಸಂಜೆ ಬಾಲ್ಕನಿಯಲ್ಲಿ ಕೂತೆ. ತಲೆಯ ಮೇಲಿನ ಬಿರಡೆಯಲ್ಲಿ ಎರಡು ಭಾಗ ಇರುತ್ತದೆ. ಸುತ್ತ ದಪ್ಪ ರಬ್ಬರ್, ನಡುವೆ ಪ್ಲಾಸ್ಟಿಕ್ ತಿರುಪು. ಬಿಯರ್ ಬಗ್ಗಿಸುವಾಗ ಅದನ್ನು ತಿರುಗಿಸಿದರೆ ಗಾಳಿ ಒಳಗೆ ಹೋಗುತ್ತದೆ, ಕೆಳಗಿನ ನಲ್ಲಿಯಿಂದ ಬಿಯರ್ ಬರುತ್ತದೆ. ಈ ಬಿರಡೆಯನ್ನು ಕಿತ್ತು ಹೊಸದು ಹಾಕಬೇಕು, ಹೊಸದು ಬಿಡಿಯಾಗಿ ಸಿಗುತ್ತದೆ. ನಾನು ಸ್ಕ್ರೂಡ್ರೈವರ್ ತೂರಿಸಿ ಮೀಟಿದೆ. ಪ್ಲಾಸ್ಟಿಕ್ ತಿರುಪು ಟಣ್ ಅಂತ ಕೆಗ್ಗಿನ ಒಳಗೇ ಬಿತ್ತು.

ಚಿಕ್ಕಂದಿನಲ್ಲಿ ಮಣ್ಣಿನ ಹುಂಡಿಯಿಂದ ಕಾಸು ತೆಗೆದಿದ್ದೀರಾ? ತಲೆಕೆಳಗು ಹಿಡಿದು, ಕಾಸನ್ನು ತೂತಿನ ನೇರಕ್ಕೆ ತಂದು, ಅಲ್ಲಾಡಿಸಿ, ಇನ್ನೇನು ಬಂತು ಅನ್ನುವಾಗ ಅದು ಮತ್ತೆ ಒಳಗೆ ಜಾರುತ್ತದಲ್ಲ, ಅದೇ. ಕೆಗ್ಗನ್ನು ತಲೆಯ ಮೇಲೆ ಎತ್ತಿ ಹಿಡಿದು ಇಪ್ಪತ್ತು ನಿಮಿಷ ಅಲ್ಲಾಡಿಸಿದೆ. ಉಳಿದಿದ್ದ ಹಳಸಿದ ಬಿಯರೆಲ್ಲ ತೋಳಿನ ಮೇಲೆ ಇಳಿದು ಕಂಕುಳು ಸೇರಿತು. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. "ರೀ, ಇಷ್ಟು ಕಷ್ಟಪಡೋ ಬದಲು ಅಂಗಡೀಲಿ ತರಬಾರದಾ?" ಅಂದಳು. ತುಂಬಿದ ಕೆಗ್ ಆಗ 10-12 ಯೂರೋಗೆ ಸಿಗುತ್ತಿತ್ತು. ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಎರಡನೇ ಕೆಗ್ಗಿಗೆ ಬುದ್ಧಿ ಬಂದಿತ್ತು. ತಿರುಪನ್ನು ಮೂತಿ ಚೂಪಾದ ಇಕ್ಕಳದಲ್ಲಿ ಗಟ್ಟಿಯಾಗಿ ಹಿಡಿದು, ಮೊದಲು ಅದನ್ನು ಮೇಲಕ್ಕೆ ಎಳೆದು, ಆಮೇಲೆ ರಬ್ಬರನ್ನು ಮಡಚಿ ಹೊರಗೆ ತೆಗೆದೆ. ಅರ್ಧ ನಿಮಿಷದ ಕೆಲಸ.

ಒಂದು ಮಾತು. ಎಲ್ಲ ಮಿನಿ ಕೆಗ್ಗೂ ಹೀಗೆ ತೆರೆಯಲು ಬರುವುದಿಲ್ಲ. ಕೆಲವದರಲ್ಲಿ ಗ್ಯಾಸಿನ ಸಿಲಿಂಡರನ್ನು ಒಳಗೇ ಕೂರಿಸಿರುತ್ತಾರೆ. ಅಂಥದ್ದನ್ನು ನಾನು ಮುಟ್ಟುವುದಿಲ್ಲ. ಒಳಗೆ ಒತ್ತಡ ಇನ್ನೂ ಉಳಿದಿದೆಯೋ ಇಲ್ಲವೋ ಹೊರಗಿನಿಂದ ತಿಳಿಯುವುದಿಲ್ಲ.

ತೊಳೆಯುವುದು. ಕೆಗ್ಗಿನೊಳಗೆ ಕೈ ಹೋಗುವುದಿಲ್ಲ, ಬ್ರಷ್ ಹೋದರೂ ಹಾಕಬಾರದು. ತಗಡಿನ ಒಳಮೈಗೆ ತೆಳ್ಳಗೆ ಒಂದು ಪದರ ಬಳಿದಿರುತ್ತಾರೆ. ಅದು ಗೀರಿದರೆ ಅಲ್ಲಿಂದಲೇ ತುಕ್ಕು ಶುರು. ಹಾಗಾಗಿ ಬಟ್ಟೆಯ ಕಲೆ ತೆಗೆಯಲು ಬಳಸುವ ಸೋಡಿಯಂ ಪರ್‌ಕಾರ್ಬೊನೇಟ್ ಪುಡಿಯನ್ನು ಬಿಸಿನೀರಿಗೆ ಹಾಕಿ, ಕೆಗ್ ತುಂಬಿಸಿ, ರಾತ್ರಿಯಿಡೀ ಬಿಡುತ್ತೇನೆ. ಬೆಳಗ್ಗೆ ಬಗ್ಗಿಸಿದರೆ ಕಂದು ಬಣ್ಣದ ಹೊಪ್ಪಳೆಗಳು ತಾವೇ ಕಳಚಿ ಬರುತ್ತವೆ. ಕ್ಲೋರಿನ್ ಇರುವ ಬ್ಲೀಚ್ ಮಾತ್ರ ಬೇಡ, ಉಕ್ಕನ್ನೇ ತಿನ್ನುತ್ತದೆ. ಆಮೇಲೆ ತೂತಿಗೆ ಮೊಬೈಲ್ ಟಾರ್ಚ್ ಹಿಡಿದು ಒಂದೇ ಕಣ್ಣಲ್ಲಿ ಇಣುಕುವುದು. ಅಂಚಿನ ಹೊಲಿಗೆಯ ಹತ್ತಿರ ಕೆಂಪು ಚುಕ್ಕೆ ಕಂಡರೆ ಉದ್ದ ಕಡ್ಡಿಗೆ ಹತ್ತಿ ಸುತ್ತಿ ಒರೆಸಿ ನೋಡುತ್ತೇನೆ. ಹತ್ತಿ ಬೆಳ್ಳಗೇ ಬಂದರೆ ಸರಿ, ಕೆಂಪಾದರೆ ಆ ಕೆಗ್ಗಿಗೆ ನಿವೃತ್ತಿ.

ಇಷ್ಟೆಲ್ಲ ಮಾಡಿಯೂ ಮೊದಲ ಸಲ ಒಂದು ಜಾಗ ಮರೆತೆ. ಅದನ್ನು ಆಮೇಲೆ ಹೇಳುತ್ತೇನೆ.

ಈಗ ಸಕ್ಕರೆ. ಹುದುಗಿ ಮುಗಿದ ಬಿಯರ್ ಸಪ್ಪೆಯಾಗಿರುತ್ತದೆ, ಗುಳ್ಳೆ ಇರುವುದಿಲ್ಲ. ತುಂಬುವಾಗ ಸ್ವಲ್ಪ ಸಕ್ಕರೆ ಹಾಕಿ ಬಿಗಿಯಾಗಿ ಮುಚ್ಚಿದರೆ, ಉಳಿದಿರುವ ಯೀಸ್ಟ್ ಅದನ್ನು ತಿಂದು ಗ್ಯಾಸ್ ಬಿಡುತ್ತದೆ. ಹೋಗಲು ದಾರಿಯಿಲ್ಲದ ಗ್ಯಾಸ್ ಬಿಯರಿನಲ್ಲೇ ಕರಗುತ್ತದೆ. ಒಂದು ಗ್ರಾಂ ಸಕ್ಕರೆಯಿಂದ ಹೆಚ್ಚುಕಮ್ಮಿ ಅರ್ಧ ಗ್ರಾಂ ಇಂಗಾಲದ ಡೈಆಕ್ಸೈಡ್. 20 ಡಿಗ್ರಿಯಲ್ಲಿ ಹುದುಗಿದ ಬಿಯರಿನಲ್ಲಿ ಮೊದಲೇ ಲೀಟರಿಗೆ ಸುಮಾರು 1.7 ಗ್ರಾಂ ಕರಗಿರುತ್ತದೆ. ಬಾಟಲಿಗೆ ನಾನು ಲೀಟರಿಗೆ 7 ಗ್ರಾಂ ಸಕ್ಕರೆ ಹಾಕುತ್ತಿದ್ದೆ, ಅಂದರೆ ಒಟ್ಟು 5 ಗ್ರಾಮಿಗಿಂತ ಸ್ವಲ್ಪ ಮೇಲೆ. ಗಾಜು ಅದನ್ನು ನಗುನಗುತ್ತಾ ತಡೆಯುತ್ತದೆ. ತಗಡು ತಡೆಯುವುದಿಲ್ಲ. ಮಿನಿ ಕೆಗ್ಗಿಗೆ ಲೀಟರಿಗೆ 4 ಗ್ರಾಂ, ಒಂದು ಕೆಗ್ಗಿಗೆ 20 ಗ್ರಾಂ, ಅದಕ್ಕಿಂತ ಒಂದು ಚಿಟಿಕೆಯೂ ಬೇಡ ಅಂತ ಅನುಭವಸ್ಥರೆಲ್ಲ ಹೇಳಿದ್ದರು. ನಾಲ್ಕು ಟೀ ಚಮಚ ಸಕ್ಕರೆ. ಅರ್ಧ ಲೋಟ ನೀರಿನಲ್ಲಿ ಕುದಿಸಿ, ಆರಿಸಿ, ಕೆಗ್ಗಿನ ತಳಕ್ಕೆ ಹಾಕಿ, ಅದರ ಮೇಲೆ ಬಿಯರ್ ಬಿಡುವುದು. ಪೈಪಿನ ತುದಿ ತಳ ಮುಟ್ಟಿರಬೇಕು. ಮೇಲಿಂದ ಧಾರೆ ಬಿಟ್ಟರೆ ಗಾಳಿ ಸೇರಿ, ಒಂದೆರಡು ವಾರಕ್ಕೆ ನೆನೆದ ರಟ್ಟಿನ ರುಚಿ ಬರುತ್ತದೆ. ಎರಡು ಬೆರಳು ಜಾಗ ಬಿಟ್ಟು, ಬಿರಡೆಯನ್ನು ಒದ್ದೆ ಮಾಡಿ, ಹೆಬ್ಬೆರಳಿನಿಂದ ಒತ್ತಿ ಕೂರಿಸುವುದು.

ಕೆಳಮನೆಯ ಅಜ್ಜನಿಗೆ ಈ ಸಕ್ಕರೆಯ ವಿಚಾರ ಹೇಗೋ ಗೊತ್ತಾಯಿತು. ಮೆಟ್ಟಿಲಲ್ಲಿ ಸಿಕ್ಕಾಗ, "ನೀವು ಸಕ್ಕರೆ ಹಾಕ್ತೀರಂತೆ" ಅಂದರು. ಸೊಸೆ ಸಾರಿಗೆ ಬೆಲ್ಲ ಹಾಕುತ್ತಾಳೆ ಅಂತ ದೂರುವ ಅತ್ತೆಯ ದನಿಯಲ್ಲಿ. ಬವೇರಿಯಾದಲ್ಲಿ 1516ರಿಂದಲೂ ಬಿಯರ್ ಅಂದರೆ ಬಾರ್ಲಿ, ಹಾಪ್ಸ್, ನೀರು ಅನ್ನುವ ಕಟ್ಟಳೆ. ಇಲ್ಲಿನ ಹಳಬರು ಕುದಿಸಿದ ಮಾಲ್ಟ್ ರಸದಲ್ಲಿ ಸ್ವಲ್ಪ ತೆಗೆದು ಫ್ರಿಜ್ಜಿನಲ್ಲಿಟ್ಟು, ತುಂಬುವಾಗ ಸಕ್ಕರೆಯ ಬದಲು ಅದನ್ನೇ ಹಾಕುತ್ತಾರೆ. ಅದಕ್ಕೆ 'ಶ್ಪೈಸೆ' ಅನ್ನುತ್ತಾರೆ, ಅಂದರೆ ಊಟ. ಯೀಸ್ಟಿಗೆ ಊಟ! ಹೆಸರು ನನಗೆ ತುಂಬಾ ಇಷ್ಟವಾಯಿತು. ಆದರೆ ಫ್ರಿಜ್ಜಿನಲ್ಲಿ ಜಾಗ ಇರಲಿಲ್ಲ. ದೋಸೆ ಹಿಟ್ಟಿಗೂ ಕೆಗ್ಗಿಗೂ ಆಗಲೇ ಜಗಳ ನಡೆದಿತ್ತು.

ಇನ್ನು ಆ ಪ್ಲಾಸ್ಟಿಕ್ ಬಾಟಲಿ. ಕೆಗ್ಗಿನ ಒಳಗೆ ಏನಾಗುತ್ತಿದೆ ಅಂತ ತಿಳಿಯುವುದಿಲ್ಲ. ಅದಕ್ಕೆ ಅದೇ ಬಿಯರನ್ನು, ಅದೇ ಅಳತೆಯ ಸಕ್ಕರೆ ಹಾಕಿ, ಅರ್ಧ ಲೀಟರಿನ ಸೋಡಾ ಬಾಟಲಿಗೂ ತುಂಬಿ ಕೆಗ್ಗಿನ ಪಕ್ಕ ಇಡುತ್ತೇನೆ. ದಿನಾ ಬೆಳಗ್ಗೆ ಒಮ್ಮೆ ಹಿಸುಕಿ ನೋಡುವುದು. ಮೊದಲ ದಿನ ಮೆತ್ತಗೆ. ನಾಲ್ಕನೇ ದಿನ ಮಾಗದ ಮಾವಿನಕಾಯಿಯ ಹಾಗೆ. ಎಂಟನೇ ದಿನ ಕಲ್ಲು. ಆಮೇಲೆ ಎರಡು ದಿನ ಬಿಟ್ಟು ಕೆಗ್ಗನ್ನು ಚಳಿಗೆ ಇಡಬಹುದು. ಯಾವ ಮೀಟರೂ ಬೇಡ.

ಮೊದಲ ಎರಡು ಕೆಗ್ಗುಗಳಿಗೆ ಬಿಟರ್ ಅನ್ನುವ ಇಂಗ್ಲಿಷ್ ಶೈಲಿಯ ಬಿಯರ್ ತುಂಬಿದೆ. ಅದಕ್ಕೆ ಗುಳ್ಳೆ ಕಮ್ಮಿಯೇ ಇರಬೇಕು, ಹಾಗಾಗಿ ತಗಡಿನ ಯೋಗ್ಯತೆಗೂ ಅದಕ್ಕೂ ಸರಿಹೋಗುತ್ತದೆ. ಹದಿನೈದು ದಿನ ಬಿಟ್ಟು ಒಂದು ಶನಿವಾರ ಗೆಳೆಯರನ್ನು ಕರೆದೆ. ಮೇಲಿನ ತಿರುಪು ತಿರುಗಿಸಿದಾಗ ಉಸ್ ಅಂತ ಸಣ್ಣ ಸದ್ದು. ನಲ್ಲಿ ಎಳೆದೆ. ಮೊದಲ ಲೋಟ ಬರೀ ನೊರೆ ಮತ್ತು ಕಲಕು. ಎರಡನೆಯದು ತಿಳಿ ಜೇನಿನ ಬಣ್ಣ, ಮೇಲೆ ಒಂದು ಬೆರಳು ಕೆನೆ. ನಾನೇ ಮಾಡಿದ್ದು, ನಲ್ಲಿಯಿಂದ ಬರುತ್ತಿದೆ ಅನ್ನುವುದನ್ನು ನಂಬಲು ಮೂರನೇ ಲೋಟ ಬೇಕಾಯಿತು.

ಎರಡನೇ ಕೆಗ್ಗನ್ನು ಮುಂದಿನ ವಾರ ತೆರೆದೆವು. ಹುಳಿ ಮಜ್ಜಿಗೆ. ಅದೇ ಬಿಯರ್, ಅದೇ ದಿನ ತುಂಬಿದ್ದು. ನಾನು ಮರೆತ ಜಾಗ ಇದೇ: ನಲ್ಲಿ. ಕೆಗ್ಗಿಗೆ ನೀರು ಹಾಕಿ ಮೇಲಿನ ತೂತಿನಿಂದಲೇ ಬಗ್ಗಿಸುತ್ತಿದ್ದೆ. ಯಾರೋ ಅಪ್ಪಂದಿರ ದಿನ ಕುಡಿದು ಬಿಟ್ಟ ಬಿಯರಿನ ನಾಲ್ಕು ಹನಿ ನಲ್ಲಿಯ ಕೊಳವೆಯೊಳಗೆ ಹಾಗೇ ಕೂತಿತ್ತು, ಹುಳಿಯ ಬ್ಯಾಕ್ಟೀರಿಯಾ ಅಲ್ಲಿ ಸಂಸಾರ ಹೂಡಿತ್ತು. ಈಗ ಆ ಪರ್‌ಕಾರ್ಬೊನೇಟ್ ನೀರನ್ನು ನಲ್ಲಿಯಿಂದಲೇ ಹರಿಸುತ್ತೇನೆ. ತೆರೆ, ಮುಚ್ಚು, ತೆರೆ, ಮುಚ್ಚು, ಹತ್ತು ಸಲ. ಕೊನೆಗೆ ಕುದಿ ಆರಿದ ನೀರು. ಆಮೇಲೆ ಆ ತೊಂದರೆ ಬಂದಿಲ್ಲ.

2020 ಬಂತು. ಎರ್ಲಾಂಗನ್‌ನಲ್ಲಿ 1755ರಿಂದ ನಡೆಯುವ ಬೆರ್ಗ್ ಜಾತ್ರೆ ಇದೆ, ಹನ್ನೆರಡು ದಿನದ್ದು. ಫ್ರಿಜ್ ಇಲ್ಲದ ಕಾಲದಲ್ಲಿ ಬಿಯರ್ ತಣ್ಣಗಿಡಲು ಗುಡ್ಡದೊಳಗೆ ಕೊರೆದ ನೆಲಮಾಳಿಗೆಗಳ ಮುಂದೆ, ದೊಡ್ಡ ಮರಗಳ ಕೆಳಗೆ ಬೆಂಚು ಹಾಕಿ ಕುಡಿಯುವ ಜಾತ್ರೆ. ಆ ವರ್ಷ ಕೊರೊನಾ ಕಾರಣಕ್ಕೆ ರದ್ದಾಯಿತು. ಊರಿಗೆ ಊರೇ ಸೂತಕದ ಮನೆಯ ಹಾಗಿತ್ತು. ಜಾತ್ರೆ ಶುರುವಾಗಬೇಕಿದ್ದ ದಿನ ನಾನು ಒಂದು ಕೆಗ್ಗನ್ನು ಬಾಲ್ಕನಿಯ ಕಟ್ಟೆಯ ಮೇಲಿಟ್ಟೆ. ಕೆಳಗೆ ತೋಟದಲ್ಲಿ ಅಜ್ಜ ಒಬ್ಬರೇ ಕೂತಿದ್ದರು. ಒಂದು ಲೋಟ ತುಂಬಿ, ಕಾಯಿ ಇಳಿಸುವ ಹಾಗೆ, ಬುಟ್ಟಿಗೆ ಹಗ್ಗ ಕಟ್ಟಿ ಇಳಿಸಿದೆ. ಅವರು ಮೂಸಿ ನೋಡಿದರು. ಕುಡಿದರು. "ಸಕ್ಕರೆ ಗೊತ್ತಾಗಲ್ಲ" ಅಂದು ಖಾಲಿ ಲೋಟ ಬುಟ್ಟಿಗೆ ಹಾಕಿದರು. ಇನ್ನೊಂದು ಬೇಕು ಅಂತ ಅರ್ಥ. ಆ ಜಾತ್ರೆಯ ಕೊನೆಯ ದಿನ ಕೊನೆಯ ಪೀಪಾಯಿಯನ್ನು ಶಾಸ್ತ್ರಕ್ಕೆ ಮಣ್ಣುಮಾಡುವ ಪದ್ಧತಿ ಇದೆ. ನಮ್ಮ ಪೀಪಾಯಿಯನ್ನು ತೊಳೆದು ಬೋರಲು ಹಾಕಿದೆವು.

ಅದೇ ಆಗಸ್ಟಿನಲ್ಲಿ ಎಡವಟ್ಟು ಮಾಡಿಕೊಂಡೆ. ಗೋಧಿ ಬಿಯರ್ ಮಾಡಿದ್ದೆ, ವೈಸ್‌ಬಿಯರ್. ಅದು ಸೋಡಾದ ಹಾಗೆ ಬುರಬುರ ಅನ್ನಬೇಕು. ದಪ್ಪ ಗಾಜಿನ ಕ್ಲಿಪ್ ಬಾಟಲಿಗಳನ್ನು ಜೋಡಿಸಿಕೊಂಡು, ಇಡೀ 20 ಲೀಟರಿಗೆ ಒಂದೇ ಸಲ 200 ಗ್ರಾಂ ಸಕ್ಕರೆ ಕಲಸಿಬಿಟ್ಟೆ. ಲೀಟರಿಗೆ 10 ಗ್ರಾಂ. ತುಂಬುತ್ತಾ ಹೋದೆ. ಬಾಟಲಿ ಮುಗಿಯಿತು, ಬಿಯರ್ ಮುಗಿಯಲಿಲ್ಲ. ಹತ್ತು ಬಾಟಲಿ ಯಾರಿಗೋ ಕೊಟ್ಟಿದ್ದು ನೆನಪಾಯಿತು. ಬಕೆಟ್ಟಿನಲ್ಲಿ ಐದು ಲೀಟರ್ ಉಳಿದಿದೆ. ತೊಳೆದ ಕೆಗ್ ಕಣ್ಣೆದುರಿಗಿದೆ. ಏನಾಗುತ್ತೆ ಬಿಡು ಅಂದುಕೊಂಡೆ. ಇಂಥ ಕೆಲಸದಲ್ಲಿ 'ಏನಾಗುತ್ತೆ ಬಿಡು' ಅನ್ನುವುದರಷ್ಟು ದುಬಾರಿ ಮಾತು ಇನ್ನೊಂದಿಲ್ಲ.

ಐದನೇ ದಿನ ನೆಲಮಾಳಿಗೆಗೆ ಹೋದೆ. ಪರೀಕ್ಷೆಯ ಪ್ಲಾಸ್ಟಿಕ್ ಬಾಟಲಿ ಆಗಲೇ ಕಲ್ಲಾಗಿತ್ತು. ಕೆಗ್ ಸ್ವಲ್ಪ ವಾಲಿ ನಿಂತಿತ್ತು. ನೆಲ ಸರಿಯಿಲ್ಲವೇನೋ ಅಂತ ಬೆರಳಲ್ಲಿ ಮುಟ್ಟಿದೆ. ಅದು ನಿಲ್ಲುವ ಮುಂಚಿನ ಬುಗುರಿಯ ಹಾಗೆ ಒಂದು ಸುತ್ತು ಓಲಾಡಿತು. ಮೇಲೆ ಬಟ್ಟಲಿನ ಹಾಗೆ ಒಳಕ್ಕೆ ತಗ್ಗಿರಬೇಕಿದ್ದ ಮುಚ್ಚಳ ಇಡ್ಲಿಯ ಹಾಗೆ ಉಬ್ಬಿತ್ತು. ತಳವೂ ಅಷ್ಟೇ. ಮನೆಗೆ ಓಡಿ ಲೆಕ್ಕ ಹಾಕಿದೆ. ಐದು ಮತ್ತು 1.7, ಲೀಟರಿಗೆ 6.7 ಗ್ರಾಂ ಗ್ಯಾಸ್. 20 ಡಿಗ್ರಿಯಲ್ಲಿ ಅದು 3 ಬಾರ್ ಹತ್ತಿರ ಒತ್ತುತ್ತದೆ. ಕಾರಿನ ಟೈರಿಗೆ ನಾನು ಹಾಕಿಸುವುದು 2.3. ಯೀಸ್ಟ್ ಊಟ ಇನ್ನೂ ಮುಗಿಸಿಯೂ ಇರಲಿಲ್ಲ.

ಅಮ್ಮನಿಗೆ ಫೋನ್ ಮಾಡಿ ಹೇಳಿದೆ, ಯಾಕೆ ಅಂತ ಈಗಲೂ ಗೊತ್ತಿಲ್ಲ. "ಇಡ್ಲಿ ಹಿಟ್ಟಿಗೆ ಯಾರಾದ್ರೂ ಗಟ್ಟಿ ಮುಚ್ಚಳ ಹಾಕ್ತಾರೇನೋ? ಉಬ್ಬೋದಕ್ಕೆ ಜಾಗ ಬಿಡಬೇಕು ಕಣೋ. ಎಷ್ಟು ವರ್ಷ ನೋಡಿದ್ದೀಯ ನಮ್ಮನೇಲಿ" ಅಂದರು. ನಾನು ಸಕ್ಕರೆ, ಒತ್ತಡ, ಬಾರ್ ಅಂತ ಹೇಳಹೊರಟೆ. "ಅದೇನೋ ಗೊತ್ತಿಲ್ಲಪ್ಪ, ಮೊದಲು ಅದನ್ನ ಮನೆಯಿಂದ ಆಚೆ ಇಡು" ಅಂದರು. ಅಲ್ಲಿಗೆ ಚರ್ಚೆ ಮುಗಿಯಿತು.

ತೋಟಕ್ಕೆ ತಂದೆ. ತರುವುದೇ ಒಂದು ಭಯ. ಸೈಕಲ್ ಹೆಲ್ಮೆಟ್, ಹೆಂಡತಿಯ ಈಜುವ ಕನ್ನಡಕ, ಕೈಗೆ ದಪ್ಪ ಗ್ಲೌಸ್, ಕೆಗ್ಗಿಗೆ ಎರಡು ಬೆಡ್‌ಶೀಟ್. ಅಜ್ಜ ಹೊರಗೆ ಬಂದವರು ಒಂದು ಮಾತೂ ಆಡದೆ ಒಳಗೆ ಹೋಗಿ, ತೊಟ್ಟಿಯಂಥ ದೊಡ್ಡ ಟಬ್ಬಿಗೆ ನೀರು ಬಿಟ್ಟು, ಫ್ರೀಜರಿನಲ್ಲಿದ್ದ ಐಸೆಲ್ಲ ತಂದು ಸುರಿದರು. ತಣ್ಣಗಾದಷ್ಟೂ ಗ್ಯಾಸ್ ಬಿಯರಿನೊಳಗೇ ಕರಗಿ ಕೂರುತ್ತದೆ, ಒತ್ತಡ ಇಳಿಯುತ್ತದೆ. ನಾನು ಗಾಬರಿಯಲ್ಲಿ ಅದನ್ನೇ ಮರೆತಿದ್ದೆ. ಮೂರು ಗಂಟೆ ಕಾದೆವು. ಆಮೇಲೆ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದೆ. ಕುಕ್ಕರ್ ಸೀಟಿಯ ಹಾಗೆ ಶುರುವಾಗಿ, ಹಿಂದೆಯೇ ನೊರೆ. ಮುಚ್ಚು. ಐದು ನಿಮಿಷ. ಮತ್ತೆ ಕೂದಲೆಳೆಯಷ್ಟು. ಹೀಗೇ ಅರ್ಧ ಗಂಟೆ. ಐದು ಲೀಟರಿನಲ್ಲಿ ಮುಕ್ಕಾಲು ಪಾಲು ಹುಲ್ಲು ಕುಡಿಯಿತು.

ಉಳಿದದ್ದನ್ನು ಮೂರು ಲೋಟಕ್ಕೆ ಹಾಕಿದೆ. ಬಾಳೆಹಣ್ಣು, ಲವಂಗದ ಪರಿಮಳ, ಚೆನ್ನಾಗೇ ಇತ್ತು. ಅಜ್ಜ ಲೋಟ ಎತ್ತಿ ಹಿಡಿದು ತಮ್ಮ ಮೊದಲ ಹೆಸರು ಹೇಳಿ ಕೈ ಚಾಚಿದರು. ಜರ್ಮನ್ನರಲ್ಲೂ ನಮ್ಮ ಹಾಗೇ 'ನೀವು', 'ನೀನು' ಬೇರೆಬೇರೆ. 'ನೀನು' ಅನ್ನೋಣ ಅಂತ ಹೇಳುವ ಹಕ್ಕು ಹಿರಿಯರದು. ಹೇಳಿದರೆ ಎರಡೂ ಕಡೆಯಿಂದ 'ನೀನು'. ಎಂಬತ್ತರ ಹತ್ತಿರದ ಅಜ್ಜನನ್ನು 'ನೀನು' ಅನ್ನಲು ನನಗೆ ನಾಲಿಗೆ ಏಳಲಿಲ್ಲ. ಈಗಲೂ ಜರ್ಮನ್‌ನಲ್ಲಿ 'ನೀನು' ಅನ್ನುತ್ತೇನೆ, ಮನಸ್ಸಿನಲ್ಲಿ 'ನೀವು' ಅಂತಲೇ ಇರುತ್ತದೆ.

ಆಮೇಲೆ ಒಂದು ಕಾಸು ಖರ್ಚು ಮಾಡಿದೆ. 16 ಗ್ರಾಮಿನ ಗ್ಯಾಸ್ ಗುಂಡು ಹಾಕುವ ನಲ್ಲಿ ಕೊಂಡೆ. ಮೇಲಿನ ಬಿರಡೆಯನ್ನು ಚುಚ್ಚಿಕೊಂಡು ಒಳಗಿಳಿಯುತ್ತದೆ, ಗಾಳಿಯ ಬದಲು ಇಂಗಾಲದ ಡೈಆಕ್ಸೈಡ್ ಬಿಯರನ್ನು ತಳ್ಳುತ್ತದೆ. ಇದಕ್ಕೆ ನಡುವೆ ಚುಚ್ಚಲು ಬರುವಂಥ ಬಿರಡೆಯೇ ಬೇಕು. ಮೊದಲಾದರೆ ಕೆಗ್ ತೆರೆದ ಮೇಲೆ ಎರಡು ದಿನದಲ್ಲಿ ಮುಗಿಸಬೇಕಿತ್ತು, ಇಲ್ಲದಿದ್ದರೆ ಸಪ್ಪೆ. ಈಗ ವಾರಗಟ್ಟಲೆ, ಸಂಜೆಗೊಂದು ಲೋಟ. ಒಂದು ಕೆಗ್ಗಿಗೆ ಒಂದು ಗುಂಡು, ಕೆಲವೊಮ್ಮೆ ಎರಡು. ಕೇಕಿನ ಕ್ರೀಮ್ ಉಬ್ಬಿಸಲು ಬರುವ ಗುಂಡುಗಳೂ ನೋಡಲು ಹೀಗೇ ಇರುತ್ತವೆ, ಅವುಗಳಲ್ಲಿರುವುದು ನೈಟ್ರಸ್ ಆಕ್ಸೈಡ್. ಪೆಟ್ಟಿಗೆಯ ಮೇಲಿನ ಹೆಸರು ಓದಿ ತನ್ನಿ.

ಈಗ ನನ್ನ ಹತ್ತಿರ ನಾಲ್ಕು ಕೆಗ್ ಇವೆ. ಪ್ರತಿ ಸಲ ತುಂಬಿದಾಗ ತಳದಲ್ಲಿ ಮಾರ್ಕರಿನಿಂದ ಒಂದು ಗೆರೆ ಎಳೆಯುತ್ತೇನೆ. ಐದಾರು ಗೆರೆ ಆಗುವ ಹೊತ್ತಿಗೆ ಹತ್ತಿ ಕೆಂಪಾಗಲು ಶುರುವಾಗುತ್ತದೆ. ಆಗ ಬದಲಿ ಹುಡುಕಿಕೊಂಡು ಕಸದ ಡಬ್ಬಗಳ ಹತ್ತಿರ ಹೋಗಬೇಕಾಗಿಲ್ಲ. ಅಪ್ಪಂದಿರ ದಿನದ ಮಾರನೇ ಬೆಳಗ್ಗೆ ಬೀದಿಯವರೇ ಖಾಲಿ ಕೆಗ್ ತಂದು ನಮ್ಮ ಬಾಗಿಲಲ್ಲಿಟ್ಟು ಹೋಗುತ್ತಾರೆ. ಅಜ್ಜ ಅವನ್ನು ಮೊದಲೇ ಪರೀಕ್ಷೆ ಮಾಡಿ, ನೆಗ್ಗಿದ್ದನ್ನು ಬೇರೆ ಇಟ್ಟಿರುತ್ತಾರೆ.

ಉಬ್ಬಿದ ಕೆಗ್ಗನ್ನು ಎಸೆಯಲು ಮನಸ್ಸು ಬರಲಿಲ್ಲ. 2023ರ ಬೇಸಿಗೆಯಲ್ಲಿ ಅಮ್ಮ ಬಂದಿದ್ದರು. ನೆಲಮಾಳಿಗೆಯಲ್ಲಿ ಅದನ್ನು ನೋಡಿ, "ಇದೇನಾ ಅವತ್ತಿಂದು?" ಅಂತ ಬೆರಳಲ್ಲಿ ಟಕಟಕ ಬಡಿದರು. ಮೇಲಿನ ಉಬ್ಬಿದ ಮುಚ್ಚಳ ಕತ್ತರಿಸಿಕೊಡು ಅಂದರು. ಅಂಚು ಮಡಚಿ, ತಳಕ್ಕೆ ಮೂರು ತೂತು ಹೊಡೆದುಕೊಟ್ಟೆ. ಮಣ್ಣು ತುಂಬಿ, ಬರುವಾಗ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದ ದೊಡ್ಡಪತ್ರೆಯ ಕಡ್ಡಿ ನೆಟ್ಟರು. ಚೆನ್ನಾಗಿ ಹಬ್ಬಿದೆ, ಚಳಿಗಾಲದಲ್ಲಿ ಅಡುಗೆಮನೆಯ ಕಿಟಕಿಗೆ ಬರುತ್ತದೆ. ತಳ ಇನ್ನೂ ಉಬ್ಬಿಯೇ ಇದೆ. ಅದಕ್ಕೇ ಅಡಿಗೆ ಒಂದು ಮರದ ಚಕ್ಕೆ ಕೊಟ್ಟಿದ್ದೇವೆ. ನೀರು ಹಾಕುವಾಗ ಕೈ ತಗುಲಿದರೆ ಈಗಲೂ ಒಂದು ಸುತ್ತು ಓಲಾಡುತ್ತದೆ.